ಕೊನೆಯ ಸಾಲಿನ ಟೊಮೆಟೊ ಸಸಿಗಳು

ಬೆಳಿಗ್ಗೆ ನರ್ಸರಿಯ ಬಲೆ ಸರಿಸಿದವಳು ಹಾಗೇ ನಿಂತುಬಿಟ್ಟೆ. ಟ್ರೇಗಳಲ್ಲಿದ್ದ ಟೊಮೆಟೊ ಸಸಿಗಳ ಎಲೆಯೆಲ್ಲ ದಾರದಂತೆ ಹುರಿಗೊಂಡು ಕೆಳಗೆ ಬಾಗಿತ್ತು. ಮೂರು ದಿನದ ಹಿಂದೆ ನಳನಳಿಸುತ್ತಿದ್ದ ಸಸಿಗಳು. ಸಸಿ ಬೆಳೆಸಿ ಮಾರುವುದೇ ನಮ್ಮ ಕಸುಬು.

ನಮ್ಮ ಯಜಮಾನರು ಬಂದು ನೋಡಿ, ತಲೆ ಮೇಲೆ ಕೈ ಹೊತ್ತು ಕೂತರು. "ಎಲೆ ಮುದುಡು ರೋಗ. ಎಲ್ಲ ಹೋಯ್ತು."

ಅದೇ ದಿನ ಸಂಜೆ ಐದರೊಳಗೆ ಮಗಳು ಕೃಷಿ ವಿಶ್ವವಿದ್ಯಾಲಯದ ಸೀಟು ಒಪ್ಪಿಕೊಳ್ಳಬೇಕಿತ್ತು. ತಪ್ಪಿದರೆ ಸೀಟು ಬೇರೆಯವರ ಪಾಲು. ಅಪ್ಪನ ಸಹಿಯೊಂದೇ ಬಾಕಿ. ವಾರದಿಂದ ಅವರದು ಒಂದೇ ರಾಗ: "ಕೈಗೆ ಮಣ್ಣು ಮೆತ್ತಿಕೊಳ್ಳೋಕೆ ನಾಲ್ಕು ವರ್ಷ ಓದಬೇಕಾ? ನಾಲ್ಕು ದಿನದಲ್ಲಿ ನಾನೇ ಕಲಿಸ್ತೀನಿ." ನಿಜ ಹೇಳಬೇಕೆಂದರೆ ನಾನೂ ಅವರ ಪರವೇ ಇದ್ದೆ. ಓದಿ ಮುಗಿಸಿ ಮತ್ತೆ ಈ ಬಲೆಯೊಳಗೇ ಬಂದು ಕೂತರೆ ಅನ್ನುವ ಭಯ ನನ್ನದು.

ಮಗಳು ಕೃಷಿ ಕೇಂದ್ರಕ್ಕೆ ಫೋನ್ ಮಾಡಿದಳು. ಹತ್ತು ಗಂಟೆಗೆ ಸಸ್ಯರೋಗ ತಜ್ಞೆ ಸ್ಕೂಟರಿನಲ್ಲಿ ಬಂದರು. ಒಂದೂ ಎಲೆ ಮುಟ್ಟದೆ ಮೊದಲು ಆ ತುದಿಯವರೆಗೆ ನಡೆದು ಹೋದರು.

"ಕೊನೆ ಸಾಲು ಯಾಕೆ ಇಷ್ಟು ಚೆನ್ನಾಗಿದೆ?"

ನಾವು ಅದನ್ನು ನೋಡಿಯೇ ಇರಲಿಲ್ಲ.

"ಮೂರು ದಿನದ ಹಿಂದೆ ಅಪ್ಪ ಹುಳಕ್ಕೆ ಔಷಧಿ ಹೊಡೀತಿದ್ರು ಮೇಡಂ. ಅಲ್ಲಿಗೆ ಬರೋಷ್ಟರಲ್ಲಿ ಮುಗಿದುಹೋಯ್ತು," ಅಂದಳು ಮಗಳು.

"ರೋಗ ಆಗಿದ್ರೆ, ಔಷಧಿ ಎಲ್ಲಿ ಮುಗೀತು ಅಂತ ನೋಡ್ಕೊಂಡು ನಿಲ್ತಿತ್ತಾ? ಅಣ್ಣಾ, ಔಷಧಿ ಹೊಡೆದ ಕ್ಯಾನಲ್ಲಿ ಅದಕ್ಕೆ ಮುಂಚೆ ಏನಿತ್ತು?"

ಯಜಮಾನರು ನನ್ನ ಕಡೆ ನೋಡಿದರು. ಬೇಲಿ ಬದಿಯ ಹುಲ್ಲಿಗೆ ಕಳೆನಾಶಕ ಹೊಡೆದ ಕ್ಯಾನು ಅದು. ಒಂದು ಚೊಂಬು ನೀರು ಹಾಕಿ, ಕುಲುಕಿ ಚೆಲ್ಲಿದವಳು ನಾನು.

"ತೊಳೆದಿದ್ನಲ್ಲಾ," ಅಂದೆ.

"ಪೈಪಲ್ಲಿ ಉಳಿದ ಒಂಚೂರೇ ಸಾಕು ಅಕ್ಕಾ, ಟೊಮೆಟೊ ಹೀಗಾಗೋಕೆ. ಕಳೆನಾಶಕಕ್ಕೆ ಬೇರೆ ಕ್ಯಾನೇ ಇಡಬೇಕು."

ಯಜಮಾನರ ಮುಖ ಬಿಳಿಚಿಕೊಂಡಿತು. "ಇವತ್ತು ಇನ್ನೊಂದು ಸಲ ಹೊಡೆಯೋಣ ಅಂತಿದ್ದೆ," ಅಂದರು ಮೆಲ್ಲಗೆ. "ಅದೇ ಕ್ಯಾನಲ್ಲಿ. ಕೊನೆ ಸಾಲಿಂದ ಶುರು ಮಾಡಿ."

ಆಮೇಲೆ ತಜ್ಞೆಯ ಕಡೆ ತಿರುಗಿ ಕೇಳಿದರು, "ಇದನ್ನೆಲ್ಲ ಎಲ್ಲಿ ಕಲಿತ್ರಮ್ಮಾ?"

"ನಿಮ್ಮ ಮಗಳು ಫೋನಲ್ಲಿ ಹೇಳಿದ್ಳು, ಸೀಟು ಸಿಕ್ಕಿದೆಯಂತಲ್ಲ, ಅಂಥ ಕಾಲೇಜಲ್ಲೇ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ಬೀಜ ಪರೀಕ್ಷೆ ಮಾಡೋ ಲ್ಯಾಬಲ್ಲಿದ್ದಾಳೆ. ಒಬ್ಬ ಬ್ಯಾಂಕಲ್ಲಿ ಕೃಷಿ ಅಧಿಕಾರಿ, ಇನ್ನೊಬ್ಬ ಹಣ್ಣಿನ ರಸದ ಫ್ಯಾಕ್ಟರಿಲಿ. ಪಾಠ ಹೇಳೋರು, ಹೊಸ ತಳಿ ಹುಡುಕೋರು ಇದ್ದಾರೆ. ನಿಮ್ಮ ಹಾಗೆ ನರ್ಸರಿ ಇಟ್ಟೋರೂ ಇದ್ದಾರೆ."

"ಅವರ ಮನೇಲಿ ಕ್ಯಾನು ಯಾರು ತೊಳೀತಾರೆ?" ಅಂದರು ಯಜಮಾನರು.

"ಅವರೇ ತೊಳೀತಾರೆ ಅಣ್ಣಾ. ಆದ್ರೆ ಅವರ ಹತ್ರ ಎರಡಿದೆ."

ಯಜಮಾನರು ಕೈ ತೊಳೆದು ಬಂದು ಮಗಳ ಮುಂದೆ ನಿಂತರು. "ಎಲ್ಲಿ ಆ ಕಾಗದ? ಪೆನ್ನೂ ಕೊಡು."

ಓದುಗರೇ, ನಿಮ್ಮ ಮನೆಯ ಮಗಳೋ ಮಗನೋ ಕೃಷಿ ಓದುತ್ತೇನೆ ಎಂದರೆ ನಗಬೇಡಿ. ಹತ್ತಿರದ ಕೃಷಿ ಕಾಲೇಜಿಗೆ ಒಮ್ಮೆ ಹೋಗಿ. ಅಲ್ಲಿ ಏನು ಕಲಿಸುತ್ತಾರೆ, ಓದಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಅರ್ಜಿಯ ಕೊನೆಯ ದಿನವನ್ನು ಗೋಡೆಯ ಮೇಲೆ ಬರೆದಿಡಿ. ನಮಗೆ ಬುದ್ಧಿ ಬರುವಷ್ಟರಲ್ಲಿ ಉಳಿದದ್ದು ಒಂದೇ ಸಾಲು. ನೀವು ಅಲ್ಲಿಯವರೆಗೆ ಕಾಯಬೇಡಿ.