ನೀರಿಗೆ ನಾಲ್ಕು ದಿನ

“ನೀರಿನ ಪರೀಕ್ಷೆಗೆ ನಾಲ್ಕು ದಿನ ಯಾಕೆ? ಒಂದು ಸಾಕು.” ಆಸ್ಪತ್ರೆಯ ಅಧೀಕ್ಷಕರು ಗೋಡೆಗೆ ಅಂಟಿಸಿದ್ದ ಕೆಲಸದ ವೇಳಾಪಟ್ಟಿಯ ದೊಡ್ಡ ಹಾಳೆಯಿಂದ, ದಿನಕ್ಕೊಂದರಂತಿದ್ದ ಚೀಟಿಗಳಲ್ಲಿ ಮೂರು ಹಳದಿ ಚೀಟಿ ಕಿತ್ತು ಮೇಜಿನ ಮೇಲಿಟ್ಟರು. “ನೋಡಿ, ಹತ್ತನೇ ತಾರೀಕಿಗೆ ಸರಿಹೋಯ್ತು.”

ಮೇಜಿನ ಮುಂದೆ ನಿಂತಿದ್ದವಳು ಸ್ಟೋರಕ್ಕ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಉಗ್ರಾಣ ನೋಡಿಕೊಂಡು ಬಂದವಳು. ಕೇಳಿದ ಸಾಮಾನು ಕೊಡುವುದು, ಯಾಕೆಂದು ಕೇಳದಿರುವುದು ಅವಳ ಮೈಗಂಟಿದ ಗುಣ. ಹೋದ ತಿಂಗಳು ಯಾರೋ ರಜೆ ಹಾಕಿದರೆಂದು ಅವಳನ್ನು ಕೆಲಸದ ಯೋಜನೆ ಹಾಕುವ ಎರಡು ದಿನದ ತರಬೇತಿಗೆ ಕಳಿಸಿದ್ದರು. “ಏನು ನಮ್ಮ ಕೆಲಸ, ಏನು ಅಲ್ಲ ಅಂತ ಮೊದಲೇ ಬರೆದಿಡಿ. ಕೆಲಸವನ್ನು ತುಂಡು ಮಾಡಿ. ಯಾವುದಾದ ಮೇಲೆ ಯಾವುದು, ಯಾರು ಮಾಡ್ತಾರೆ, ಎಷ್ಟು ದಿನ ಬೇಕು ಅಂತ ಮಾಡುವವರನ್ನೇ ಕೇಳಿ,” ಎಂದು ಅಲ್ಲಿಯ ಮೇಷ್ಟರು ಹೇಳಿಕೊಟ್ಟಿದ್ದರು. “ಯಾವ ತುಂಡು ತಡವಾದರೆ ಇಡೀ ಕೆಲಸ ತಡವಾಗುತ್ತೋ, ಅದರ ಮೇಲೆ ಕಣ್ಣಿಡಿ.”

ವಾಪಸು ಬರುತ್ತಲೇ ಡಯಾಲಿಸಿಸ್ ವಾರ್ಡನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಹೊಣೆ ಅವಳ ಹೆಗಲಿಗೆ ಬಿತ್ತು. ಅವಳು ನರ್ಸುಗಳನ್ನು ಕೇಳಿದಳು, ಎಲೆಕ್ಟ್ರಿಷಿಯನ್‌ನನ್ನು ಕೇಳಿದಳು, ಯಂತ್ರ ಹಿಡಿಸುತ್ತದೆಯೇ ಎಂದು ಲಿಫ್ಟಿನ ಬಾಗಿಲನ್ನು ತಾನೇ ಅಳೆದಳು. ಮನೆಯಲ್ಲೂ ಚೀಟಿ ಬರೆಯುತ್ತಾ ಕೂತದ್ದು ಕಂಡು ಮಗಳು, “ಅಮ್ಮಾ, ನನ್ನ ಮೇಲೂ ಒಂದು ಅಂಟಿಸಿಬಿಡು,” ಎಂದು ನಕ್ಕಿದ್ದಳು.

ಈಗ ಅಧೀಕ್ಷಕರು ಹೊರಡಲು ಎದ್ದರು. ಸ್ಟೋರಕ್ಕ ಮೇಜಿನ ಮೇಲಿನ ಚೀಟಿಗಳನ್ನು ಕೈಗೆತ್ತಿಕೊಂಡಳು.

“ಸರ್, ಹತ್ತಕ್ಕೆ ಆಗಲ್ಲ.”

“ಹತ್ತಕ್ಕೆ ಉದ್ಘಾಟನೆ ಅಂತ ಆಡಳಿತ ಮಂಡಳಿ ಅಧ್ಯಕ್ಷರಿಗೆ ಮಾತು ಕೊಟ್ಟಾಗಿದೆಯಲ್ಲಮ್ಮ.”

“ಒಬ್ಬರಿಗೆ ಒಂದು ಸಲಕ್ಕೆ ನೂರು ಲೀಟರಿಗೂ ಮೇಲೆ ನೀರು ಬೇಕಂತೆ ಸರ್. ನೀರು ಕೆಟ್ಟಿದ್ರೆ ಕೆಟ್ಟದ್ದು ನೇರ ರಕ್ತಕ್ಕೇ ಸೇರುತ್ತೆ. ಹೊಸ ಪೈಪು ಬೇರೆ. ಪೈಪಿನ ಕೆಲಸ ಮುಗಿದು ಒಂಬತ್ತಕ್ಕೆ ತೊಳೆದು ನೀರು ಕಳಿಸಿದರೆ, ಲ್ಯಾಬಿನವರು ಮೂರು ದಿನ ಆಗದೆ ಏನೂ ಹೇಳಲ್ಲ. ಅಲ್ಲಿಯ ಟೆಕ್ನಿಷಿಯನ್ನನ್ನ ಎರಡು ಸಲ ಕೇಳಿದೆ.” ಅವಳು ಹಾಳೆಯ ಕಡೆ ಬೆರಳು ತೋರಿಸಿದಳು. “ಹತ್ತಕ್ಕೆ ಅಧ್ಯಕ್ಷರು ಬಂದು ಬಾಗಿಲು ತೆರೀಲಿ. ರೋಗಿಗಳು ಹದಿಮೂರಕ್ಕೆ ಬರ್ತಾರೆ. ಅಲ್ಲೀವರೆಗೆ ಹಳೇ ವಾರ್ಡು ನಡೀಲಿ.”

“ಅದನ್ನ ಅವರಿಗೆ ನೀವೇ ಹೇಳಿ ಹಾಗಾದ್ರೆ,” ಎಂದು ಅಧೀಕ್ಷಕರು ಫೋನು ಮುಂದಕ್ಕೆ ತಳ್ಳಿದರು. ಹೆದರಿ ಸುಮ್ಮನಾಗುತ್ತಾಳೆ ಅಂದುಕೊಂಡಿರಬೇಕು. ಸ್ಟೋರಕ್ಕ ನಿಂತೇ ಮಾತಾಡಿದಳು, ಇಷ್ಟೇ ಮಾತು, ಇದೇ ಕ್ರಮದಲ್ಲಿ. ಆಮೇಲೆ ಅಧ್ಯಕ್ಷರು, “ನನಗೆ ಇದನ್ನ ಯಾರೂ ಹೇಳೇ ಇರಲಿಲ್ಲ. ರೋಗಿಗಳು ಹದಿಮೂರಕ್ಕೇ ಬರಲಿ,” ಎಂದರು. ಫೋನಿಟ್ಟ ಮೇಲೆ ಅವಳು ಮೂರು ಚೀಟಿಗಳನ್ನು ಇದ್ದಲ್ಲೇ ಅಂಟಿಸಿದಳು.

ಹದಿಮೂರರ ಬೆಳಿಗ್ಗೆ ಲ್ಯಾಬಿನ ವರದಿ ಬಂತು. ನೀರಿನಲ್ಲಿ ದೋಷವೇನೂ ಇರಲಿಲ್ಲ.

“ಕಂಡ್ರಾ? ನೀರು ಚೆನ್ನಾಗೇ ಇತ್ತು,” ಅಂದರು ಅಧೀಕ್ಷಕರು.

“ಹೌದು ಸರ್. ಈಗ ಗೊತ್ತಾಯ್ತು.”

ಅವರು ಅವಳ ಮುಖ ನೋಡಿದರು, ವ್ಯಂಗ್ಯ ಇದೆಯೇನೋ ಎಂದು. ಇರಲಿಲ್ಲ.

ಹೊಸ ವಾರ್ಡಿನಲ್ಲಿ ಮೊದಲ ಕುರ್ಚಿಗೆ ಬಂದಾಕೆ ಒಬ್ಬ ದರ್ಜಿ ಹೆಂಗಸು, ವಾರಕ್ಕೆ ಮೂರು ಸಲ ಬರುವವಳು. ಚಪ್ಪಲಿ ಬಿಟ್ಟು, ತೋಳು ಚಾಚಿ, “ಇಲ್ಲಿ ಬೆಳಕು ಚೆನ್ನಾಗಿದೆ,” ಎಂದಳು. ನರ್ಸು ಯಂತ್ರ ಚಾಲೂ ಮಾಡಿದಳು. ಸ್ವಲ್ಪ ಹೊತ್ತಿಗೆ ದರ್ಜಿಗೆ ನಿದ್ದೆ ಹತ್ತಿತು. ಸ್ಟೋರಕ್ಕ ಅವಳ ಕಾಲಿಗೆ ಬೀಳುತ್ತಿದ್ದ ಬಿಸಿಲು ನೋಡಿ, ಕಿಟಕಿಯ ಪರದೆಯನ್ನು ಒಂದು ಗೇಣು ಎಳೆದಳು.