ಎರಡನೇ ರೀಲಿನ ಹಗ್ಗ

ಒದ್ದೆ ರಬ್ಬರಿಗೆ ಒಂದು ವಾಸನೆ ಇರುತ್ತದೆ. ಬೆವರು, ಪಾಚಿ, ಆಳದ ಚಳಿ ತಡೆಯಲಾರದೆ ಉಡುಪಿನೊಳಗೇ ಬಿಟ್ಟ ಮೂತ್ರ, ಇವೆಲ್ಲ ಸೇರಿ ಹುಳಿತುಹೋದ ವಾಸನೆ ಅದು. ಸೋಪಿನ ನೀರಿನಲ್ಲಿ ನೆನೆಸಿ, ಒಗೆದು, ನೆರಳಿನಲ್ಲಿ ಒಣಗಿಸಿದರೂ ಪೂರ್ತಿ ಬಿಟ್ಟುಹೋಗುವುದಿಲ್ಲ. ಗೆಳೆಯ ಪಂಪಾಪತಿಯ ಹಿತ್ತಲಿನ ತಂತಿಯ ಮೇಲೆ ನಮ್ಮಿಬ್ಬರ ಮುಳುಗುವ ಉಡುಪುಗಳು ಕೈಕಾಲು ಇಳಿಬಿಟ್ಟುಕೊಂಡು ನೇತಾಡುತ್ತಿದ್ದ ಆ ಮಧ್ಯಾಹ್ನ, ನನಗೆ ಆ ವಾಸನೆ ಹಿತವಾಗಿಯೇ ಇತ್ತು. ಮಾರನೆಯ ದಿನ ನಾವು ಸಮುದ್ರಕ್ಕೆ ಹೊರಡುವವರಿದ್ದೆವು. ಆದರೆ ಹೊತ್ತು ಇಳಿಯುವಷ್ಟರಲ್ಲಿ ಅದೇ ವಾಸನೆ ಸಹಿಸಲಾಗದಂತಾಯಿತು. ಇವತ್ತಿಗೂ ರಬ್ಬರ್ ಚಪ್ಪಲಿ ಮಾರುವ ಅಂಗಡಿಯ ಮುಂದೆ ನಡೆಯುವಾಗ ನಾನು ಉಸಿರು ಹಿಡಿದುಕೊಳ್ಳುತ್ತೇನೆ.

ನಮ್ಮ ಊರಿನ ಹತ್ತಿರ ಸಮುದ್ರವಿರಲಿಲ್ಲ, ಹೊಳೆಯೂ ಇರಲಿಲ್ಲ. ಕಲ್ಲು ತೆಗೆದು ತೆಗೆದು ಬಿಟ್ಟುಹೋದ ದೊಡ್ಡದೊಂದು ಕ್ವಾರಿ ನೀರು ತುಂಬಿಕೊಂಡು ಊರಾಚೆ ಬಿದ್ದಿತ್ತು. ಪಂಪಾಪತಿಯೂ ನಾನೂ ಹರೆಯದಲ್ಲಿ ಒಂದು ಬೇಸಿಗೆ ಕರಾವಳಿಯಲ್ಲಿದ್ದು ಸ್ಕೂಬಾ ಕಲಿತು ಬಂದವರು. ಯಾರೋ ಬಳಸಿ ಬಿಟ್ಟ ಸಲಕರಣೆಗಳನ್ನು ಜೋಡಿಸಿಕೊಂಡು ರಜೆಯ ದಿನ ಕ್ವಾರಿಯಲ್ಲಿ ಮುಳುಗುತ್ತಿದ್ದೆವು. ನೋಡಲು ಅಲ್ಲೇನೂ ಇರಲಿಲ್ಲ. ಕೈ ಚಾಚಿದರೆ ನಮ್ಮ ಬೆರಳೇ ನಮಗೆ ಕಾಣದಂಥ ಕೆಸರುನೀರು. ಆದರೂ ನೀರಿನೊಳಗೆ ಉಸಿರಾಡುವುದೇ ಒಂದು ಸುಖವಾಗಿತ್ತು.

ಹಿಂದಿನ ಬೇಸಿಗೆಯಲ್ಲಿ ಆ ಕ್ವಾರಿಗೆ ಈಜಲು ಹೋದ ಕೊಟ್ರೇಶಿ ಎಂಬ ಹುಡುಗ ಮೇಲೆ ಬರಲಿಲ್ಲ. ಅವನ ತಾಯಿ ನೀಲಮ್ಮ ನಮ್ಮ ಬೀದಿಯ ತುದಿಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದವರು. ಗಂಡ ಇಲ್ಲ, ಇವನೊಬ್ಬನೇ ಮಗ. ಊರಿನಲ್ಲಿ ಮುಳುಗುವುದು ತಿಳಿದಿದ್ದವರು ನಾವಿಬ್ಬರೇ ಆದ್ದರಿಂದ ಪೊಲೀಸರು ನಮ್ಮನ್ನು ಕರೆದರು. ಮೊದಲ ಸಂಜೆ ಬೆಳಕು ಹೋಗುವವರೆಗೂ ಹುಡುಕಿದೆವು. ಮರುದಿನವಿಡೀ ಹುಡುಕಿದೆವು. ದಡದಲ್ಲಿ ಜನ ಹೆಚ್ಚುತ್ತ ಹೋದರು, ಕ್ಯಾಮೆರಾ ಹಿಡಿದವರು ಬಂದರು, ದೊಡ್ಡ ಅಧಿಕಾರಿಯ ಜೀಪು ಬಂತು. ಮೂರನೆಯ ದಿನ ಪಂಪಾಪತಿ ಹುಡುಗನನ್ನು ತೋಳಿನಲ್ಲಿ ಹಿಡಿದು ನೀರಿನ ಮೇಲೆ ಎದ್ದು ಬಂದಾಗ ಜನ ಎದ್ದು ನಿಂತು ಕೈಮುಗಿದಿದ್ದರು. ಹೆಣವನ್ನು ಕೂಡಲೇ ಬಿಳಿ ಬಟ್ಟೆಯಲ್ಲಿ ಸುತ್ತಿದರು. ಮೀನು ತಿಂದಿದ್ದ ಮುಖವನ್ನು ತಾಯಿಗೆ ತೋರಿಸುವುದು ಬೇಡವೆಂದು ಹಿರಿಯರು ತೀರ್ಮಾನಿಸಿದರು. ನೀಲಮ್ಮ ಮಗನ ಅಂಗಿಯ ಅಂಚನ್ನಷ್ಟೇ ಮುಟ್ಟಿ, ಹೊಲಿಗೆ ನೋಡಿ, "ಇದು ನನ್ನ ಕೈಯಿಂದು" ಎಂದರು.

ಆಮೇಲೆ ಊರಿನಲ್ಲಿ ಪಂಪಾಪತಿಗೆ ಸನ್ಮಾನವಾಯಿತು. ಪೇಟ ಸುತ್ತಿದರು, ಶಾಲು ಹೊದಿಸಿದರು. ಪಕ್ಕದಲ್ಲಿ ನಿಂತಿದ್ದ ನನಗೂ ಒಂದು ಹಾರ ಬಿತ್ತು. ನಮ್ಮಿಬ್ಬರಿಗೂ ಸಮುದ್ರದ್ವೀಪವೊಂದಕ್ಕೆ ಹೋಗಿ ಮನಸಾರೆ ಮುಳುಗಿ ಬರಲು ಊರಿನ ಗಣ್ಯರೇ ಏರ್ಪಾಡು ಮಾಡಿದರು. ಅದನ್ನು ಕೇಳಿ ನೀಲಮ್ಮ, "ನಿಮ್ಮ ಸಾಮಾನಿಗೆ ಚೀಲ ನಾನು ಹೊಲಿದು ಕೊಡ್ತೀನಪ್ಪ. ಬೇಡ ಅನ್ನಬಾರದು" ಎಂದಿದ್ದರು.

ಆ ಮಧ್ಯಾಹ್ನ ಪಂಪಾಪತಿಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಸಾಮಾನುಗಳನ್ನೆಲ್ಲ ಹರಡಿಕೊಂಡು ಕೂತಿದ್ದೆ. ನನಗೆ ಈ ಕೆಲಸ ಇಷ್ಟ. ದ್ವೀಪದಲ್ಲಿ ಸಿಲಿಂಡರು, ತೂಕದ ಬೆಲ್ಟು ಸಿಗುತ್ತವೆ. ಮಿಕ್ಕಿದ್ದನ್ನು ನಾವೇ ಒಯ್ಯಬೇಕು. ಅಲ್ಲಿ ಒಂದು ರಬ್ಬರ್ ಉಂಗುರ ಹರಿದರೂ ಗಾಳಿ ಸೋರಿ, ದಿನವೆಲ್ಲ ದಡದಲ್ಲಿ ಕೂರಬೇಕಾಗುತ್ತದೆ. ಹಾಗಾಗಿ ಉಂಗುರಗಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಿ, ಗ್ರೀಸ್ ಸವರಿ, ಪುಟ್ಟ ಡಬ್ಬಿಗೆ ಹಾಕಿದೆ. ಮುಖಗವಸಿನ ಪಟ್ಟಿಗಳನ್ನು ಎಳೆದು ನೋಡಿದೆ. ಒಂದು ಬಿರುಕು ಬಿಟ್ಟಿತ್ತು, ಅದನ್ನು ಎಸೆದೆ. ಬಾಯಿಯಲ್ಲಿ ಕಚ್ಚಿಕೊಂಡು ಉಸಿರೆಳೆಯುವ ರಬ್ಬರಿನ ತುಂಡುಗಳಲ್ಲಿ ಪಂಪಾಪತಿಯದನ್ನು ಅವನು ಜಗಿದು ಜಗಿದು ಹರಿದಿದ್ದ. ಹಲ್ಲಿನ ಗುರುತಿನ ಸಂದಿಯಲ್ಲಿ ಹಸಿರು ಪಾಚಿ ಕಟ್ಟಿತ್ತು. "ಇದನ್ನ ತೊಳೀಬಾರದಾ ಮಾರಾಯ?" ಎಂದರೆ ಅವನು ನಕ್ಕ. ಮಂಚದ ಮೇಲೆ ಕಾಲು ಚಾಚಿಕೊಂಡು, ಸನ್ಮಾನದಲ್ಲಿ ಕೊಟ್ಟಿದ್ದ ಹೊಸ ಕ್ಯಾಮೆರಾದ ಗುಂಡಿಗಳನ್ನು ಒತ್ತುತ್ತ ಮಲಗಿದ್ದ. ಅವನಿಗೆ ಬೇಕಾಗಿದ್ದದ್ದು ಕ್ಯಾಮೆರಾಕ್ಕೆ ಜಾಗ. ನಾನು ಬಿಡಿಭಾಗ ಎಂದರೆ ಅವನು, "ಅದೆಲ್ಲ ಅಲ್ಲಿ ಯಾರ ಹತ್ರನಾದ್ರೂ ಸಿಗುತ್ತೆ ಬಿಡೋ" ಅನ್ನುತ್ತಿದ್ದ.

ನಮ್ಮ ಹತ್ತಿರ ಹಗ್ಗದ ರೀಲುಗಳು ಎರಡು ಇದ್ದವು. ಕಾಣದ ನೀರಿನಲ್ಲಿ ದಾರಿ ತಪ್ಪದಂತೆ ಒಂದು ತುದಿಯನ್ನು ಮೇಲೆ ಕಟ್ಟಿ, ಬಿಚ್ಚಿಕೊಳ್ಳುತ್ತ ಇಳಿಯುವ ತೆಳು ಹಗ್ಗ ಅದು. ಒಂದು ಬಳಸುವುದಕ್ಕೆ, ಇನ್ನೊಂದು ಕೈಯಲ್ಲಿರಲಿ ಎಂದು. ಆ ಎರಡನೆಯದನ್ನು ಎತ್ತಿಕೊಂಡರೆ ತೀರ ಹಗುರಾಗಿತ್ತು. ಸುತ್ತಿದ್ದ ಹಗ್ಗದಲ್ಲಿ ಅರ್ಧಕ್ಕರ್ಧ ಇರಲಿಲ್ಲ. ತುದಿಯನ್ನು ಯಾರೋ ಚಾಕುವಿನಿಂದ ಕೊಯ್ದಿದ್ದರು.

"ಇದರ ಹಗ್ಗ ಏನಾಯ್ತೋ?"

"ಅದಾ? ಕ್ವಾರೀಲಿ ಹೋಯ್ತು. ಹೊಸದು ತಗೋಬೇಕು, ನೆನಪು ಮಾಡು."

"ಕ್ವಾರೀಲಿ ನಾವು ಇದನ್ನ ಬಿಚ್ಚೇ ಇಲ್ವಲ್ಲ."

"ನೀನು ಬಿಚ್ಚಿಲ್ಲ." ಅವನು ಕ್ಯಾಮೆರಾದಿಂದ ಕಣ್ಣೆತ್ತಲಿಲ್ಲ. "ಆ ಹುಡುಗನ್ನ ಕಟ್ಟಿಹಾಕೋಕೆ ತಗೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ. ಮೇಲೆ ತರುವಾಗ ಕಟ್ಟಿಕೊಂಡು ಬಂದಿರಬೇಕು ಎಂದುಕೊಂಡೆ. ಆದರೆ ಅವನು ತಂದದ್ದು ತೋಳಿನಲ್ಲಿ. ಅದನ್ನು ನಾನೇ ಕಂಡಿದ್ದೆ.

"ಯಾವಾಗ ಕಟ್ಟಿದ್ದು?"

"ಮೊದಲನೇ ಸಂಜೆ. ಆ ಪಡುವಣ ಗೋಡೆ ಹತ್ರ ಬಂಡೆ ಸಂದಿ ಇದೆಯಲ್ಲ, ಅಲ್ಲೇ ಕೈಗೆ ಕಾಲು ಸಿಕ್ತು. ಬಿಟ್ಟುಬಂದ್ರೆ ಮಾರನೇ ದಿನಕ್ಕೆ ಉಬ್ಬಿ ತಾನೇ ತೇಲಿಬಿಡುತ್ತೆ. ಆಮೇಲೆ ನಮ್ಮನ್ನ ಕೇಳೋರು ಯಾರು? ಅದಕ್ಕೆ ಕಟ್ಟಿದೆ."

ಕೈಯಲ್ಲಿದ್ದ ರೀಲನ್ನು ನಾನು ಚಾಪೆಯ ಮೇಲಿಟ್ಟೆ. ಆ ಎರಡನೆಯ ದಿನ ಅವನು ನನ್ನನ್ನು ಮೂಡಣ ಬದಿಗೆ ಕಳಿಸಿದ್ದ. ಅಲ್ಲಿನ ಕೊಳೆತ ಜೊಂಡಿನಲ್ಲಿ ಕೈಯಾಡಿಸುತ್ತ, ಪ್ರತಿಯೊಂದು ಮೆತ್ತನೆಯ ಮುದ್ದೆಯನ್ನೂ ಹುಡುಗನ ಮೈಯೇನೋ ಎಂದು ಹೆದರಿ ಮುಟ್ಟುತ್ತ, ಚಳಿಗೆ ಹಲ್ಲು ಕಟಕಟಿಸುತ್ತ ಮೇಲೆ ಬಂದರೆ ದಡದಲ್ಲಿ ನೀಲಮ್ಮ ನಿಂತಿರುತ್ತಿದ್ದರು. ಅವರು ನನ್ನ ಖಾಲಿ ಕೈಗಳನ್ನು ನೋಡುತ್ತಿದ್ದರು. ಪಂಪಾಪತಿಯೂ ಎದ್ದು ಬಂದು ತಲೆಯಾಡಿಸುತ್ತಿದ್ದ. ಹುಡುಗನ ಕಾಲಿನ ಹರಡಿನ ಸುತ್ತ ಒಂದು ಗೆರೆ ಕೊರೆದಿದ್ದನ್ನು ನಾವೆಲ್ಲ ಕಂಡಿದ್ದೆವು. ಜೊಂಡು ಸುತ್ತಿಕೊಂಡಿರಬೇಕು ಎಂದು ಯಾರೋ ಅಂದರು, ಎಲ್ಲರೂ ಒಪ್ಪಿದೆವು.

"ಅವತ್ತೇ ಎತ್ತಬಹುದಾಗಿತ್ತು ನೀನು."

"ಎತ್ತಿದ್ರೆ? ಇಬ್ಬರು ಪೇದೆ, ನಾಲ್ಕು ಜನ ಕುರಿ ಕಾಯೋರು. ಯಾರಿಗೆ ಗೊತ್ತಾಗ್ತಿತ್ತು? ಸತ್ತವನು ಹೇಗೂ ಸತ್ತಾಗಿತ್ತು. ನಾನೇನು ಕೊಂದೆನಾ?" ಈಗ ಎದ್ದು ಕೂತ. ಮುಖದಲ್ಲಿ ಅಳುಕಿರಲಿಲ್ಲ; ನನ್ನ ಪೆದ್ದುತನಕ್ಕೆ ಬೇಸರವಿತ್ತು. "ಈ ಕ್ಯಾಮೆರಾ, ಈ ಪ್ರಯಾಣ, ನಿನ್ನ ಆ ಹಾರ, ಎಲ್ಲ ಎಲ್ಲಿಂದ ಬಂತು ಅಂದ್ಕೊಂಡಿದೀಯ?"

ಹಿತ್ತಲಿನಿಂದ ಗಾಳಿ ಬೀಸಿತು. ತಂತಿಯ ಮೇಲಿನ ರಬ್ಬರಿನ ವಾಸನೆ ಪಡಸಾಲೆಗೆಲ್ಲ ತುಂಬಿಕೊಂಡಿತು. ಬಾಯಲ್ಲಿ ನೀರೂರಿ ಬಂತು, ವಾಂತಿಗೆ ಮುಂಚೆ ಬರುವಂಥ ಉಪ್ಪುಪ್ಪು ನೀರು. ನಾನು ಎದ್ದು ಬಚ್ಚಲಿಗೆ ಹೋಗಿ ಉಗುಳಿ, ಮುಖ ತೊಳೆದುಕೊಂಡೆ. ಅವನ ಟವೆಲ್ಲು ಮೊಳೆಗೆ ತೂಗುತ್ತಿತ್ತು. ಅದನ್ನು ಮುಟ್ಟಲು ಮನಸ್ಸಾಗದೆ ಒದ್ದೆ ಮುಖದಲ್ಲೇ ಹೊರಗೆ ಬಂದೆ.

ಬರುವಷ್ಟರಲ್ಲಿ ನೀಲಮ್ಮ ಬಂದು ಕೂತಿದ್ದರು.

ಎರಡು ಚೀಲ ತಂದಿದ್ದರು. ದಪ್ಪ ಕ್ಯಾನ್‌ವಾಸ್, ಅಂಚಿಗೆಲ್ಲ ಎರಡೆರಡು ಹೊಲಿಗೆ, ಒಳಗೆ ಸಾಲುಸಾಲು ಜೇಬುಗಳು. ನೀರು ಬಸಿಯಲೆಂದು ತಳಕ್ಕೆ ಬಲೆಬಟ್ಟೆ ಕೊಟ್ಟಿದ್ದರು. "ಸಣ್ಣ ಸಾಮಾನು ಕಳೆದುಹೋಗ್ತವೆ ಅಂತ ಹೇಳಿದ್ರಲ್ಲ, ಅದಕ್ಕೆ ಜೇಬಿಗೆಲ್ಲ ಮುಚ್ಚಳ ಇಟ್ಟೀನಿ" ಎಂದು ನನಗೆ ತೋರಿಸಿದರು. ಮಗ ಹೋದಮೇಲೆ ಅವರ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಪಂಪಾಪತಿ ಮಂಚದಿಂದಿಳಿದು ವಿನಯವಾಗಿ ಚಾಪೆಯ ಮೇಲೆ ಕೂತಿದ್ದ. ಸಭೆಯಲ್ಲಿ ಶಾಲು ಹೊದ್ದಾಗಿನ ಮುಖವನ್ನೇ ಹಾಕಿಕೊಂಡು, "ಯಾಕಮ್ಮ ಇಷ್ಟೆಲ್ಲ ತೊಂದರೆ ತಗೊಂಡ್ರಿ?" ಅಂದ.

"ತೊಂದರೆ ಏನು ಬಂತಪ್ಪ. ನೀನು ತರದಿದ್ರೆ ನನ್ನ ಮಗನಿಗೆ ಮಣ್ಣೂ ಸಿಗ್ತಿರಲಿಲ್ಲ" ಎನ್ನುತ್ತ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ಅವನು ಬಿಡಿಸಿಕೊಳ್ಳಲಿಲ್ಲ. ಒಂದಿಷ್ಟು ತಲೆ ಬಾಗಿಸಿದ.

ಆಮೇಲೆ ಅವರು ತಾವೇ ಒಂದೊಂದು ಸಾಮಾನನ್ನು ಎತ್ತಿ ಜೇಬಿಗೆ ಹೊಂದುತ್ತದೋ ಇಲ್ಲವೋ ನೋಡತೊಡಗಿದರು. ಉಂಗುರದ ಡಬ್ಬಿ, ಪಟ್ಟಿಗಳು, ಟಾರ್ಚಿನ ಬ್ಯಾಟರಿ. ಕೊನೆಗೆ ಆ ರೀಲು ಕೈಗೆ ಬಂತು.

"ಇದರ ತುದಿ ಬಿಚ್ಚಿಕೊಳ್ತಾ ಇದೆಯಲ್ಲಪ್ಪ. ಒಂದೆರಡು ಹೊಲಿಗೆ ಹಾಕಿಬಿಡ್ಲಾ? ಸೂಜಿ ನನ್ನ ಹತ್ರಾನೇ ಇದೆ."

ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು, ಕೊಯ್ದ ತುದಿಯನ್ನು ತುಟಿಗಳ ನಡುವೆ ಒದ್ದೆ ಮಾಡಿ ಹೊಸೆಯಲು ಬಾಯಿಯ ಹತ್ತಿರ ಒಯ್ದರು.

"ಬೇಡಮ್ಮ" ಎಂದೆ. "ಅದನ್ನ ಬಾಯಿಗೆ ತಗೋಬೇಡಿ. ಕೆಳಗಿಡಿ."

ಅವರು ನನ್ನ ಮುಖ ನೋಡಿದರು. ಪಂಪಾಪತಿಯೂ ನೋಡಿದ. "ಏನಿಲ್ಲಮ್ಮ, ಕೊಳೆ ಆಗಿದೆ ಅಂತ" ಎಂದು ಹಗ್ಗಕ್ಕೆ ಕೈ ಚಾಚಿದ. ಆ ಚಾಚಿದ ಕೈಯನ್ನು ಕಂಡು ನನಗೆ ಸುಮ್ಮನಿರಲು ಆಗಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಬಂಡೆಯ ಸಂದಿ, ಕಾಲು, ಹಗ್ಗ, ಮೊದಲನೇ ಸಂಜೆ. ಹೇಳುತ್ತಿದ್ದಷ್ಟು ಹೊತ್ತೂ ನನ್ನ ಮಾತು ನನಗೇ ಹೊಲಸೆನಿಸುತ್ತಿತ್ತು.

ನೀಲಮ್ಮ ಅಳಲಿಲ್ಲ. ರೀಲನ್ನು ತೊಡೆಯ ಮೇಲಿಟ್ಟುಕೊಂಡರು. ಪಂಪಾಪತಿ ಬೆಳಕಿರಲಿಲ್ಲ ಎಂದ, ಸಿಲಿಂಡರಿನಲ್ಲಿ ಗಾಳಿ ಮುಗಿದಿತ್ತು ಎಂದ, ನನಗೆ ತನ್ನ ಮೇಲೆ ಹೊಟ್ಟೆಕಿಚ್ಚು ಎಂದ. ಅವೆಲ್ಲ ಮುಗಿಯುವ ತನಕ ಕಾದು ನೀಲಮ್ಮ ಕೇಳಿದರು:

"ಹಾಗಾದ್ರೆ ಅವತ್ತು ನೀನು ನನ್ನ ಮಗನ ಮುಖ ನೋಡಿದೀಯ. ಮೀನು ಮುಟ್ಟೋಕೆ ಮುಂಚೆ."

ಅವನು ನನ್ನ ಕಡೆ ನೋಡಿದ.

"ನನಗೆ ಯಾರೂ ತೋರಿಸಲಿಲ್ಲ. ನೀನಾದ್ರೂ ಹೇಳು. ಹೇಗಿತ್ತು?"

"ಶಾಂತವಾಗಿತ್ತಮ್ಮ" ಅಂದ. ದಾರಿ ಸಿಕ್ಕಿತೆಂಬಂತೆ ಅವನ ದನಿ ಮೆತ್ತಗಾಯಿತು. "ಮಲಗಿದ ಹಾಗಿತ್ತು. ನೋವು ಏನೂ ಕಾಣ್ತಿರಲಿಲ್ಲ."

"ಕಣ್ಣು?"

"ಮುಚ್ಚಿತ್ತು."

"ಅಂಗಿ ಕಾಲರಿನ ಗುಂಡಿ ಹಾಕಿಕೊಂಡಿದ್ನಾ?"

"ಹೂಂ ಅಮ್ಮ. ಹಾಕ್ಕೊಂಡಿದ್ದ. ನೀಟಾಗಿ."

ನೀಲಮ್ಮ ಸೂಜಿಯನ್ನು ಮತ್ತೆ ಸೆರಗಿಗೆ ಚುಚ್ಚಿಕೊಂಡರು. "ಅವನ ಅಂಗಿಗೆ ಕಾಲರೇ ಇಡ್ತಿರಲಿಲ್ಲಪ್ಪ ನಾನು. ಕತ್ತಿಗೆ ಒತ್ತುತ್ತೆ ಅಂತಿದ್ದ."

ಆಗ ನನಗೂ ಹೊಳೆಯಿತು. ಆ ನೀರಿನಲ್ಲಿ ಬೆರಳೂ ಕಾಣದು. ಅವನು ಮುಖ ನೋಡಲು ಸಾಧ್ಯವೇ ಇರಲಿಲ್ಲ. ಮೂರನೆಯ ದಿನವೂ ಅವನ ಕಣ್ಣು ಇದ್ದದ್ದು ಕ್ಯಾಮೆರಾದವರ ಕಡೆಗೆ. ಮಗನ ಮುಖ ಕಾಣದಂತೆ ಮಾಡಿದವನು, ಈಗ ತಾಯಿಯ ಎದುರು ಕೂತು ಇಲ್ಲದ ಮುಖವೊಂದನ್ನು ಕಟ್ಟಿ ಕೊಡುತ್ತಿದ್ದ. ಅಷ್ಟು ಸಲೀಸಾಗಿ, ಅಷ್ಟು ಮೆತ್ತಗೆ. ಹಗ್ಗದ ಸಂಗತಿಗಿಂತ ನನಗೆ ಹೆಚ್ಚು ಹೇಸಿಗೆಯಾದದ್ದು ಆ ಮೆತ್ತನೆಯ ದನಿಗೆ.

ನೀಲಮ್ಮ ಚೀಲಗಳಿಗೆ ತುಂಬಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಜೋಡಿಸಿದರು. ಯಾವುದನ್ನೂ ಎಸೆಯಲಿಲ್ಲ. ರೀಲನ್ನೂ ಅಲ್ಲೇ ಇಟ್ಟರು. ಖಾಲಿ ಚೀಲಗಳನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡು ಎದ್ದರು.

ನಾನೂ ನನ್ನ ಸಾಮಾನನ್ನು ಬೇರೆ ಮಾಡಿದೆ. ಗುರುತು ಸಿಗದೆ ಬೆರೆತಿದ್ದ ಉಂಗುರ, ಪಟ್ಟಿಗಳನ್ನು ಬಿಟ್ಟುಬಿಟ್ಟೆ. ಅವನ ಕೈಯಾಡಿದ್ದನ್ನು ಬಾಯಿಗಿಟ್ಟು ಉಸಿರೆಳೆಯುವುದು ನನ್ನಿಂದ ಆಗುತ್ತಿರಲಿಲ್ಲ. "ನಾಳೆ ಬಸ್ಸು?" ಎಂದ ಪಂಪಾಪತಿ. ನಾನು ಹೊಸಿಲು ದಾಟಿದೆ.

ಅವನು ಹೋದ. ಬೇರೆ ಯಾರನ್ನೋ ಜತೆ ಮಾಡಿಕೊಂಡು ಹೋಗಿ, ಬಣ್ಣಬಣ್ಣದ ಮೀನುಗಳ ಚಿತ್ರ ತೆಗೆದುಕೊಂಡು ಬಂದು ಊರಿಗೆಲ್ಲ ತೋರಿಸಿದ. ನಾನು ಹೇಳಿದ್ದನ್ನು ನಂಬಿದವರು ಕಡಿಮೆ. ಪೊಲೀಸ್ ಠಾಣೆಯಲ್ಲಿ, "ಆಗಿದ್ದು ಆಗಿಹೋಯ್ತು, ಈಗ ಯಾಕೆ ಕೆದಕ್ತೀರಿ?" ಎಂದರು. ಸನ್ಮಾನ ಮಾಡಿದವರಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಊರಿನ ಮರ್ಯಾದೆಯ ಬಗ್ಗೆ ಬುದ್ಧಿ ಹೇಳಿದರು. ಶಾಲೆಯ ವಾರ್ಷಿಕೋತ್ಸವಕ್ಕೆ ಮತ್ತೆ ಅವನನ್ನೇ ಕರೆದರು. ಎದುರಿಗೆ ಸಿಕ್ಕರೆ ಅವನು ನಗುತ್ತಿದ್ದ; ಕೆಲವು ಸಲ ಹೆಗಲ ಮೇಲೆ ಕೈ ಹಾಕಲೂ ಬರುತ್ತಿದ್ದ. ನಾನು ಆಮೇಲೆ ನೀರಿಗಿಳಿಯಲಿಲ್ಲ.

ಆ ಸಂಜೆ ನೀಲಮ್ಮನನ್ನು ಮನೆಯವರೆಗೆ ಬಿಟ್ಟುಬರಲೆಂದು ಹಿಂದೆಯೇ ಹೊರಟಿದ್ದೆ. ತಿರುವಿನಲ್ಲಿ ಎಮ್ಮೆಗಳ ಹಿಂಡೊಂದು ಕೆರೆಯಿಂದ ಎದ್ದು ಮನೆಗೆ ಮರಳುತ್ತಿತ್ತು. ಮೈಯೆಲ್ಲ ನೀರು ಸುರಿಸುತ್ತ, ಒಂದರ ಹಿಂದೊಂದು ಬೀದಿ ದಾಟುತ್ತಿದ್ದವು. ನೀಲಮ್ಮ ನಿಂತರು. ಒಂದು ಎಮ್ಮೆ ಹತ್ತಿರದಲ್ಲೇ ಹಾದು ಬಾಲ ಬೀಸಿತು. ಅವರು ಸೆರಗನ್ನು ಮೈಗೆ ಒತ್ತಿಕೊಂಡು, ಒಂದು ಹನಿಯೂ ತಾಗದಂತೆ ಗೋಡೆಯ ಕಡೆಗೆ ಸರಿದು, ಕೊನೆಯ ಕರು ದಾಟುವವರೆಗೂ ಹಾಗೆಯೇ ನಿಂತಿದ್ದರು.