ಈರಮ್ಮ ತಡವಾಗಿ ಹೇಳಿದ ಮಾತು

ಹುಡುಗ ಮಾತು ಕೇಳುವುದಿಲ್ಲವೆಂದರೆ ನಮ್ಮ ಕಡೆ ಮದ್ದು ಒಂದೇ, ನಾಲ್ಕು ಬಾರಿಸುವುದು. ಮಾವಿನಕುರ್ವೆಯ ಈರಮ್ಮನೂ ಮೀನು ಮಾರುತ್ತ ಅದನ್ನೇ ಹೇಳುತ್ತಿದ್ದಳು. 2004ರ ಮಾತಿದು. ಅವಳ ಮಗ ರಾಜೇಶ, ಹದಿನೈದರ ಹುಡುಗ, ತಾನು ಕೆಲಸಕ್ಕಿದ್ದ ಧಣಿಯ ದೋಣಿಯ ಇಂಜಿನ್ನನ್ನು ಕಲ್ಲಿನಿಂದ ಜಜ್ಜಿ ಹಾಕಿದ್ದ. ಪೊಲೀಸರು ಹಿಡಿದ ಮೇಲೆ ಅವನನ್ನು ದೂರದ ಮಕ್ಕಳ ವೀಕ್ಷಣಾಲಯದಲ್ಲಿ, ಜನ ರಿಮ್ಯಾಂಡ್ ಹೋಮ್ ಎನ್ನುವಲ್ಲಿ, ಇಟ್ಟಿದ್ದರು. ಈರಮ್ಮ ಒಮ್ಮೆಯೂ ನೋಡಲು ಹೋಗಿರಲಿಲ್ಲ.

ಕೊನೆಗೆ ಅಲ್ಲಿಯ ಆಪ್ತಸಮಾಲೋಚಕಿ, ಕುಮಟೆಯ ಸುಪ್ರಿಯಾ, ಮನೆಗೇ ಬಂದರು.

"ಎಂತ, ಮತ್ತೆ ಜಗಳ ಮಾಡ್ದ್ನಾ?" ಕತ್ತಿಯಲ್ಲಿ ಮೀನು ಕೊಯ್ಯುತ್ತ ಈರಮ್ಮ ಕೇಳಿದಳು. "ನಾಕು ಬಿಡಿ ಅಂವಂಗೆ, ಸೊಕ್ಕು ಇಳೀತದೆ."

"ಸೊಕ್ಕಲ್ಲ ಈರಮ್ಮ. ಸ್ನಾನಕ್ಕೆ ತಲೆ ಮೇಲೆ ನೀರು ಹೊಯ್ದ್ರೆ ಕೂಗ್ತ, ಹತ್ರ ಇದ್ದವ್ರಿಗೆ ಹೊಡೀತ. ನಾವೂ ಸೊಕ್ಕು ಅಂದ್ಕಂಡು ಒಬ್ಬನ್ನೇ ಕೂಡಿ ಹಾಕಿದ್ವು. ಗೋಡೆಗೆ ಹಣೆ ಚಚ್ಕಂಡ. ತಪ್ಪು ನಮ್ದು. ಎಂತ ಮಾಡ್ದೆ ಅಂತ ಎಲ್ಲರೂ ಕೇಳಿದ್ರು, ನಿಂಗೆ ಎಂತ ಆತು ಅಂತ ಯಾರೂ ಕೇಳ್ಲಿಲ್ಲ."

ಈರಮ್ಮನ ಕತ್ತಿ ನಿಂತಿತು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಗಂಡ ಮಾಬ್ಲ ಮುಳುಗಿದಾಗ ರಾಜೇಶ ಜೊತೆಗಿದ್ದ. ಅಪ್ಪನ ಕೈ ಹಿಡಿದಿದ್ದ, ಅದು ಜಾರಿತು. ನೀರಿನ ಹೆದರಿಕೆ ನೀರಿಗಿಳಿದರೇ ಬಿಡುತ್ತದೆಂದು, ಸೂತಕ ಕಳೆದದ್ದೇ ಈರಮ್ಮ ಅವನನ್ನು ಧಣಿಯ ಅದೇ ದೋಣಿಗೆ ಕೆಲಸಕ್ಕೆ ಹತ್ತಿಸಿದ್ದಳು. ಹುಡುಗ ಸೆರಗು ಹಿಡಿದು ನಿಂತಿದ್ದ. ಬೆರಳು ಬಿಡಿಸಿ ಕಳಿಸಿದ್ದಳು. ಆ ದೋಣಿಯ ಇಂಜಿನ್ನನ್ನೇ ಅವನು ಆಮೇಲೆ ಜಜ್ಜಿದ್ದು.

"ಈಗ ಮಾತಾಡ್ಸಿ ಎಂತ ಆಗೂದು? ಹುಣ್ಣು ಕೆದರಿದ ಹಾಗೆ ಅಷ್ಟೇ," ಎಂದಳು.

"ಒತ್ತಾಯ ಮಾಡಿ ಮಾತಾಡ್ಸೂದಿಲ್ಲ. ತಂಬಿಗೆ ಅವನ ಕೈಗೇ ಕೊಡ್ತೇವೆ, ಬೇಕಾದಷ್ಟು ಹೊಯ್ಕಂತ. ಹೇಳದೆ ಮೈ ಮುಟ್ಟೂದಿಲ್ಲ. ಮನಸ್ಸಿನ ಡಾಕ್ಟ್ರೂ ನೋಡ್ತಾ ಇದ್ದಾರೆ. ಮೊನ್ನೆ ಅವನಾಗೇ ಬಾಯಿ ಬಿಟ್ಟ. 'ಅಪ್ಪನ ಕೈ ನಾ ಬಿಟ್ಟೆ, ಅಮ್ಮಂಗೆ ಹೇಳಿ' ಅಂದ."

ಈರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಸುಪ್ರಿಯಾ ಜೊತೆ ಬಸ್ಸು ಹತ್ತಿದಳು.

ರಾಜೇಶ ಸೊರಗಿದ್ದ. ಹಣೆಯಲ್ಲಿ ಗಾಯ ಇನ್ನೂ ಒಣಗಿರಲಿಲ್ಲ. "ಮತ್ತೆ ದೋಣಿಗೆ ಹೋಗ್ಬೇಕಾ ಅಮ್ಮ?" ಎಂದು ಅದೊಂದನ್ನೇ ಕೇಳಿದ.

"ಬೇಡ ಮಗಾ. ಅಪ್ಪನ ಕೈ ನೀ ಬಿಟ್ಟದ್ದಲ್ಲ, ನೀರು ಎಳ್ಕಂಡದ್ದು. ನಿನ್ನ ಕೈ ಬಿಡಿಸ್ದವ್ಳು ನಾನು."

ಹುಡುಗ ಅವಳ ಸೆರಗು ಹಿಡಿದುಕೊಂಡ. ಈ ಸಲ ಅವಳು ಬಿಡಿಸಲಿಲ್ಲ. ಈ ಮಾತನ್ನು ಅಂದೇ ದಡದಲ್ಲಿ ಹೇಳಿದ್ದರೆ ಆ ಹಣೆಗೆ ಗಾಯವಾಗುತ್ತಿರಲಿಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಅಂಥ ವೀಕ್ಷಣಾಲಯದಲ್ಲಿದ್ದರೆ ನಾಚಿಕೆ ಬಿಟ್ಟು ನೋಡಲು ಹೋಗಿ. ಆಪ್ತಸಮಾಲೋಚಕರು, ಮನೋವೈದ್ಯರು ಬರುತ್ತಾರೆಯೇ ಎಂದು ಕೇಳಿ. ಬರದಿದ್ದರೆ ಬೇಕೇ ಬೇಕೆಂದು ಹಟ ಹಿಡಿಯಿರಿ. ಮಗುವಿನ ಹತ್ತಿರ ಮೊದಲು ನಿನಗೇನಾಯಿತು ಎಂದು ಕೇಳಿ. ಏಟು ಆಮೇಲೂ ಬೇಡ.